ಫಾಲಿಕಲ್ ಎಚ್ಚರಾಗುವ ಲೆಕ್ಕ

ಕುಮಟಾದ ಕಾಲೇಜಿನಲ್ಲಿ ಡಿಗ್ರಿ ಮಕ್ಕಳಿಗೆ ಗಣಿತ ಕಲಿಸುತ್ತಿದ್ದ ನಾನು ಪಿಎಚ್‌ಡಿಗೆ ಸೇರಿದಾಗ ನಲವತ್ತು ದಾಟಿತ್ತು. ಮಗಳು ಹೈಸ್ಕೂಲಿಗೆ ಹೋಗಲು ಶುರು ಮಾಡಿದ್ದಳು, ಮನೆಯಲ್ಲಿ ಮಾತುಮಾತಿಗೆ ನನ್ನನ್ನು ಕೂಗುವವರು ಕಡಿಮೆಯಾಗಿದ್ದರು. ಅರ್ಜಿ ಹಾಕುವಾಗ ಎಲ್ಲರಂತೆ ನಾನೂ ಹರಿಯುವ ದ್ರವಗಳ ಗಣಿತ ಮಾಡೋಣ ಅಂದುಕೊಂಡಿದ್ದೆ. ಘಟ್ಟದ ಮೇಲಿನ ವಿಶ್ವವಿದ್ಯಾಲಯದಲ್ಲಿದ್ದ ನನ್ನ ಗೈಡ್ ಅದನ್ನು ಕೇಳಿ, ಆ ದಾರಿಯಲ್ಲಿ ಈಗಾಗಲೇ ಬಹಳ ಜನ ಇದ್ದಾರೆ, ಬೇರೆಯದೊಂದು ಓದಿ ನೋಡಿ ಎಂದು ಕೆಲವು ಪ್ರಬಂಧಗಳನ್ನು ಕೈಗಿಟ್ಟರು. ಬಸ್ಸು ಘಟ್ಟ ಇಳಿಯುವಾಗ ಓದಲು ಶುರು ಮಾಡಿದವಳು ಕುಮಟಾ ಬಂದದ್ದು ಗೊತ್ತಾಗದೆ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೂ ಕೂತಿದ್ದೆ. ಕಂಡಕ್ಟರ್ ಬಂದು ಎಬ್ಬಿಸಬೇಕಾಯಿತು.

ಆ ಪ್ರಬಂಧಗಳಲ್ಲಿದ್ದ ವಿಷಯ ಇದು. ಹಸು, ಆಡು, ಇಲಿ, ಮನುಷ್ಯ ಎನ್ನದೆ ಹಾಲೂಡುವ ಪ್ರಾಣಿಗಳ ಹೆಣ್ಣಿನಲ್ಲಿ ಅಂಡಾಣುಗಳ ದಾಸ್ತಾನು ಬಹುಮಟ್ಟಿಗೆ ಹುಟ್ಟುವ ಹೊತ್ತಿಗೇ ಸಿದ್ಧವಾಗಿರುತ್ತದೆ. ಒಂದೊಂದು ಅಂಡಾಣುವಿನ ಸುತ್ತ ಚಪ್ಪಟೆ ಜೀವಕೋಶಗಳ ಒಂದೇ ಒಂದು ಪದರ. ಅಂಡಾಣು ಮತ್ತು ಅದನ್ನು ಸುತ್ತಿದ ಈ ಪದರ ಸೇರಿದ ಪುಟ್ಟ ಗಂಟಿಗೆ ಫಾಲಿಕಲ್ ಎನ್ನುತ್ತಾರೆ. ಅವು ಅಂಡಾಶಯದೊಳಗೆ ವರ್ಷಗಟ್ಟಲೆ ಸುಮ್ಮನೆ ಮಲಗಿರುತ್ತವೆ. ಆಗಾಗ ಕೆಲವು ಎಚ್ಚರಾಗುತ್ತವೆ. ಆಗ ಸುತ್ತಲಿನ ಚಪ್ಪಟೆ ಕೋಶಗಳು ಉಬ್ಬಿ ಚೌಕಾಕಾರಕ್ಕೆ ಬರುತ್ತವೆ, ಒಂದು ಎರಡಾಗುತ್ತವೆ, ಒಳಗಿನ ಅಂಡಾಣುವೂ ದೊಡ್ಡದಾಗುತ್ತದೆ. ಎಚ್ಚರಾದವುಗಳಲ್ಲಿ ಹೆಚ್ಚಿನವು ಅರ್ಧ ದಾರಿಯಲ್ಲೇ ಸತ್ತುಹೋಗುತ್ತವೆ. ಕೊನೆಯವರೆಗೆ ಮುಟ್ಟುವವು ಬೆರಳೆಣಿಕೆಯಷ್ಟು. ಇಷ್ಟು ದೊಡ್ಡ ಗುಂಪಿನಲ್ಲಿ ಇವತ್ತು ಇದೇ ಯಾಕೆ ಎದ್ದಿತು, ಪಕ್ಕದ್ದು ಯಾಕೆ ಏಳಲಿಲ್ಲ, ಎಲ್ಲವೂ ಒಟ್ಟಿಗೆ ಏಳದಂತೆ ತಡೆಯುವುದು ಯಾವುದು ಎಂಬುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಅದಕ್ಕೊಂದು ಸಮೀಕರಣ ಬರೆಯಬಹುದೇ ಎಂದು ಪ್ರಯತ್ನಿಸುವವರು ಹೊರದೇಶಗಳಲ್ಲಿ ಕೆಲವರಿದ್ದರು. ನಾನೂ ಅವರ ಸಾಲಿನಲ್ಲಿ ನಿಲ್ಲಬಹುದು ಎಂದು ಗೈಡ್ ಹೇಳಿದರು.

ಮನೆಯಲ್ಲಿ ಇದನ್ನು ವಿವರಿಸುವುದೇ ಮೊದಲ ಪರೀಕ್ಷೆಯಾಯಿತು. ನನ್ನ ಗಂಡ ವಿಮಾ ಕಚೇರಿಯಲ್ಲಿ ಕೆಲಸ ಮಾಡುವವರು. ನೆಂಟರು ಕೇಳಿದಾಗ "ಗಣಿತದಲ್ಲಿ ಸಂಶೋಧನೆ" ಎಂದಷ್ಟೇ ಹೇಳಿ ಬಾಯಿ ಮುಚ್ಚುತ್ತಿದ್ದರು. ಕತಗಾಲದಲ್ಲಿ ಭಾವನ ಮನೆಯ ಉಪನಯನದ ಊಟಕ್ಕೆ ಕೂತಾಗ ವಯಸ್ಸಾದ ನೆಂಟರೊಬ್ಬರು ಬಿಡದೆ ಕೇಳಿದರು. ನಾನು ಅಂಡಾಶಯ ಎಂದೆ. ಅವರು ಬಾಳೆಲೆಯತ್ತ ತಲೆ ತಗ್ಗಿಸಿ, ಬಡಿಸುವವರನ್ನು ಕರೆದು ಸಾರು ಹಾಕಿಸಿಕೊಂಡರು. ಆಮೇಲೆ ನನ್ನನ್ನು ಯಾರೂ ಕೇಳಲಿಲ್ಲ. ನಮ್ಮ ಜೊತೆ ಕುಮಟಾದಲ್ಲೇ ಇದ್ದ ಅತ್ತೆಯವರಿಗೆ ಮಾತ್ರ ನಾಚಿಕೆ ಇರಲಿಲ್ಲ. ಅವರ ತಕರಾರು ಬೇರೆಯಾಗಿತ್ತು.

"ಅದ್ರಲ್ಲಿ ಲೆಕ್ಕ ಮಾಡೂದು ಎಂತ ಇದ್ದು?" ಎಂದು ಕೇಳಿದರು.

ಉತ್ತರ ಹೇಳಲು ಹೋದೆ. ಅರ್ಧಕ್ಕೆ ಬರುವಷ್ಟರಲ್ಲಿ ಕುಕ್ಕರ್ ಕೂಗಿತು, ಅವರು ಎದ್ದುಹೋದರು.

ನಿಜ ಹೇಳಬೇಕೆಂದರೆ ಮೊದಲ ಎರಡು ವರ್ಷ ನನ್ನ ಬಳಿಯೂ ಸರಿಯಾದ ಉತ್ತರ ಇರಲಿಲ್ಲ. ಆಡನ್ನು ಲೆಕ್ಕಕ್ಕೆ ತೆಗೆದುಕೊಂಡು ನಾನು ಬರೆದ ಮೊದಲ ಮಾದರಿ ನೋಡಲು ಚೆಂದವಾಗಿತ್ತು. ಮಲಗಿದ ಫಾಲಿಕಲ್‌ಗಳು ಒಂದು ಗುಂಪು, ಬೆಳೆಯುತ್ತಿರುವವು ಇನ್ನೊಂದು ಗುಂಪು. ಮಲಗಿದ್ದು ಎದ್ದರೆ ಒಂದೇ ನೆಗೆತಕ್ಕೆ ಈ ಗುಂಪಿನಿಂದ ಆ ಗುಂಪಿಗೆ. ಬೆಳೆಯುತ್ತಿರುವವು ಒಂದು ರಾಸಾಯನಿಕವನ್ನು ಸೂಸಿ ಮಲಗಿದವನ್ನು ತಡೆಯುತ್ತವೆ ಎಂಬುದು ಗೊತ್ತಿದ್ದ ವಿಷಯ, ಅದನ್ನೂ ಸೇರಿಸಿದ್ದೆ. ಕಾಗದದ ಮೇಲೆ ಎಲ್ಲ ಸರಿ ಇತ್ತು. ಕಂಪ್ಯೂಟರಿನಲ್ಲಿ ಓಡಿಸಿದರೆ ದಾಸ್ತಾನು ಬೇಗನೆ ಖಾಲಿಯಾಗುತ್ತಿತ್ತು. ತಡೆಯನ್ನು ಬಿಗಿ ಮಾಡಿದರೆ ಒಂದೂ ಏಳುತ್ತಿರಲಿಲ್ಲ. ಸ್ವಲ್ಪ ಸಡಿಲ ಮಾಡಿದರೆ ಗುಂಪು ಗುಂಪಾಗಿ ಎದ್ದು, ಆಡು ಮರಿಯಾಗಿರುವಾಗಲೇ ಅದರ ಅಂಡಾಶಯ ಬರಿದಾಗುತ್ತಿತ್ತು. ಅಂಥ ಆಡು ಈ ಭೂಮಿಯ ಮೇಲಿಲ್ಲ.

ಗೈಡ್‌ಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ನೀವು ಒಮ್ಮೆಯಾದರೂ ಫಾಲಿಕಲ್ ನೋಡಿದ್ದೀರಾ ಎಂದು ಕೇಳಿದರು. ಚಿತ್ರದಲ್ಲಿ ನೋಡಿದ್ದೆ. ಚಿತ್ರ ಸಾಲದು ಎಂದರು. ಪಶುವೈದ್ಯ ಕಾಲೇಜೊಂದರಲ್ಲಿ ಅಂಗಾಂಶ ಶಾಸ್ತ್ರ ಕಲಿಸಿ ನಿವೃತ್ತರಾದ ಒಬ್ಬ ಡಾಕ್ಟರಮ್ಮ ಈಗ ನಿಮ್ಮ ಕಡೆಯೇ, ಭಟ್ಕಳದಲ್ಲೇ ಇದ್ದಾರೆ, ಹೋಗಿ ಕಾಣಿ ಎಂದು ಅವರ ಫೋನ್ ನಂಬರು ಕೊಟ್ಟರು.

ಕುಮಟಾದಿಂದ ಭಟ್ಕಳ ದೂರವಲ್ಲ. ಆದರೂ ಅಷ್ಟು ವರ್ಷಗಳಲ್ಲಿ ನಾನು ಅಲ್ಲಿಗೆ ಹೋಗಿದ್ದು ಬಟ್ಟೆ ಕೊಳ್ಳಲು, ಮತ್ತೆ ಒಂದೆರಡು ಸಲ ಪರೀಕ್ಷೆಯ ಮೇಲ್ವಿಚಾರಣೆಗೆ ಮಾತ್ರ. ಡಾಕ್ಟರಮ್ಮನ ಮನೆ ಹಳೆಯ ಪೇಟೆಯ ಒಂದು ಓಣಿಯಲ್ಲಿತ್ತು. ತಮ್ಮನ ಸಂಸಾರದೊಂದಿಗೆ ಇದ್ದರು. ಮದುವೆಯಾಗಿರಲಿಲ್ಲ. ಮನೆಯವರೊಂದಿಗೆ ಭಟ್ಕಳದ ಮುಸ್ಲಿಮರ ನವಾಯತಿ ಮಾತು, ಓಣಿಯಲ್ಲಿ ಉರ್ದು, ನನ್ನೊಂದಿಗೆ ಘಟ್ಟದ ಮೇಲೆ ಕಲಿತ ಕನ್ನಡ. ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಳ್ಳುತ್ತ ನನ್ನನ್ನು ಮಾಳಿಗೆಯ ಕೋಣೆಗೆ ಕರೆದುಕೊಂಡು ಹೋದರು. ಕಿಟಕಿಯ ಪಕ್ಕದ ಮೇಜಿನ ಮೇಲೆ ಮೈಕ್ರೋಸ್ಕೋಪು, ಗೋಡೆಯ ಕಪಾಟಿನಲ್ಲಿ ಮರದ ಡಬ್ಬಿಗಳ ಸಾಲು. ಡಬ್ಬಿಗಳಲ್ಲಿ ಆಡಿನ ಅಂಡಾಶಯದ ಸ್ಲೈಡುಗಳು. ಕೆಲಸದಲ್ಲಿದ್ದಾಗ ತಮ್ಮದೇ ಅಧ್ಯಯನಕ್ಕೆಂದು ಬೇರೆ ಬೇರೆ ವಯಸ್ಸಿನ ಆಡುಗಳಿಂದ ಅಣಿಮಾಡಿ ಇಟ್ಟವು. ಆಮೇಲೆ ವಿಭಾಗದ ಮುಖ್ಯಸ್ಥೆಯಾಗಿ ಮೀಟಿಂಗುಗಳಲ್ಲೇ ವರ್ಷಗಳು ಕಳೆದು, ಎಣಿಸಲು ಆಗಿರಲಿಲ್ಲವಂತೆ.

ಮೊದಲ ಸಲ ಆ ಕಣ್ಣುಗಾಜಿನಲ್ಲಿ ನೋಡಿದಾಗ ನನಗೆ ಏನೂ ತಿಳಿಯಲಿಲ್ಲ. ಗುಲಾಬಿ ಮತ್ತು ನೇರಳೆ ಬಣ್ಣದ ರಂಗೋಲಿ ಕಲಸಿಹೋದಂತೆ ಕಂಡಿತು. ಡಾಕ್ಟರಮ್ಮ ಪಕ್ಕದಲ್ಲಿ ಕೂತು, ಸ್ಲೈಡನ್ನು ಕೂದಲೆಳೆಯಷ್ಟು ಸರಿಸುತ್ತ, ಅಂಚಿನ ಹತ್ತಿರ ನೋಡಿ, ದುಂಡಗಿನದೊಂದು ಇದೆ, ಅದರ ಸುತ್ತ ತೆಳುವಾದ ಗೆರೆ ಇದೆ ಎಂದರು. ಕಂಡಿತು. ಒಂದು ಕಂಡ ಮೇಲೆ ಅದರ ಪಕ್ಕದ್ದು ಕಂಡಿತು. ಆಮೇಲೆ ಅಂಚಿನುದ್ದಕ್ಕೂ ಅವೇ. ನಾನು ಎರಡು ವರ್ಷ ಬರೇ ಒಂದು ಅಕ್ಷರದಿಂದ ಗುರುತಿಸುತ್ತಿದ್ದ ಸಂಗತಿ ಅಲ್ಲಿ ತನ್ನ ಪಾಡಿಗೆ ತಾನು ಇತ್ತು. ಅವತ್ತು ನಾನು ಚಹಾ ತಣ್ಣಗಾಗುವವರೆಗೂ ತಲೆ ಎತ್ತಲಿಲ್ಲ.

ಅಲ್ಲಿಂದ ಮುಂದೆ ನನ್ನ ಹೆಚ್ಚಿನ ಭಾನುವಾರಗಳು ಭಟ್ಕಳದಲ್ಲೇ ಕಳೆದವು. ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿ ಹೋಗುವುದು, ಸಂಜೆ ಬಸ್ಸಿಗೆ ಬರುವುದು. ಎಣಿಸುವುದಕ್ಕೆ ಮೊದಲು ಡಾಕ್ಟರಮ್ಮ ನಿಯಮ ಹಾಕಿದರು. ಅಂಡಾಶಯವನ್ನು ತೆಳುವಾಗಿ ಹೆಚ್ಚಿದಾಗ ಒಂದೇ ಫಾಲಿಕಲ್ ಅಕ್ಕಪಕ್ಕದ ಹಲವು ತುಣುಕುಗಳಲ್ಲಿ ಬರುತ್ತದೆ. ಹಾಗಾಗಿ ಅಂಡಾಣುವಿನೊಳಗಿನ ಕೋಶಕೇಂದ್ರ, ಅಂದರೆ ನ್ಯೂಕ್ಲಿಯಸ್, ಕಂಡರೆ ಮಾತ್ರ ಎಣಿಸಬೇಕು, ಇಲ್ಲದಿದ್ದರೆ ಬಿಡಬೇಕು. ಸುತ್ತಲಿನ ಕೋಶ ಅಗಲಕ್ಕಿಂತ ತೀರಾ ತೆಳುವಾಗಿದ್ದರೆ ಚಪ್ಪಟೆ, ಅಗಲ ಎತ್ತರ ಹೆಚ್ಚುಕಡಿಮೆ ಸಮವಾಗಿದ್ದರೆ ಚೌಕ. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಬೇರೆ ಬೇರೆಯಾಗಿ ಎಣಿಸಬೇಕು, ಆಮೇಲೆ ಹೋಲಿಸಬೇಕು. ಹೋಲಿಸಿದಾಗ ಹೊಂದದಿದ್ದರೆ ಮತ್ತೆ ನೋಡಬೇಕು.

ಹೊಂದದೆ ಇರುತ್ತಿದ್ದುದೇ ಹೆಚ್ಚು. ಒಮ್ಮೆ ಒಂದು ಫಾಲಿಕಲ್ಲಿನ ಮೇಲೆ ಒಳ್ಳೆಯ ವಾದವೇ ನಡೆಯಿತು. ಅದರ ಸುತ್ತ ಕೆಲವು ಕೋಶ ಚಪ್ಪಟೆ, ಕೆಲವು ಉಬ್ಬಿದಂತೆ ಇದ್ದವು. ನಾನು ಅದನ್ನು ಬೆಳೆಯುತ್ತಿರುವುದರ ಗುಂಪಿಗೆ ಹಾಕಿದ್ದೆ. ಅವರು ಹಾಕಿರಲಿಲ್ಲ. ನನ್ನ ಮಾದರಿಯಲ್ಲಿ ಇದ್ದದ್ದು ಎರಡೇ ಗುಂಪು ತಾನೇ, ಮಲಗಿದ್ದಲ್ಲ ಅಂದ ಮೇಲೆ ಎದ್ದದ್ದೇ ಆಗಬೇಕಲ್ಲ ಎಂದು ನಾನು ವಾದಿಸಿದೆ.

"ನಿಮ್ಮ ಸಮೀಕರಣಕ್ಕೆ ಬೇಕು ಅಂತ ಕೋಶ ದಪ್ಪ ಆಗೋದಿಲ್ಲ ಟೀಚರ್," ಅಂದರು ಅವರು. ಸಿಟ್ಟಿನಿಂದಲ್ಲ. ಎಷ್ಟೋ ವರ್ಷ ವಿದ್ಯಾರ್ಥಿಗಳಿಗೆ ಹೇಳಿ ರೂಢಿಯಾದ ಧ್ವನಿಯಲ್ಲಿ. "ಇಲ್ಲಿ ಎಷ್ಟು ಕೋಶ ಇವೆ, ಅದನ್ನೂ ಎಣಿಸಿ."

ಎಣಿಸಿದೆ. ಮಲಗಿದ ಫಾಲಿಕಲ್ಲಿನ ಸುತ್ತ ಎಷ್ಟಿರುತ್ತವೋ ಹೆಚ್ಚುಕಡಿಮೆ ಅಷ್ಟೇ ಇದ್ದವು. ಅಂದರೆ ಕೋಶಗಳು ಒಂದು ಎರಡಾಗಲು ಶುರುವಾಗಿರಲಿಲ್ಲ, ಆಕಾರ ಮಾತ್ರ ಬದಲಾಗುತ್ತಿತ್ತು. ಹಾಗಾದರೆ ಇದನ್ನು ಎಲ್ಲಿ ಹಾಕುವುದು? ಮೂರನೆಯ ಗುಂಪು ಮಾಡಿ, ಸದ್ಯಕ್ಕೆ ಅಲ್ಲಿಡಿ ಎಂದರು. ನಾವು ಅದನ್ನು ನಡುವಿನವು ಎಂದು ಕರೆದೆವು. ಹಳೆಯ ಡಬ್ಬಿಗಳನ್ನೆಲ್ಲ ಮತ್ತೆ ತೆಗೆದು ಮೊದಲಿಂದ ನೋಡಬೇಕಾಗಿ ಬಂತು. ನನಗೆ ಬೇಸರವಾಗಬೇಕಿತ್ತು, ಆದರೆ ಆಗಲಿಲ್ಲ. ಆ ಕೋಣೆಯಲ್ಲಿ ಕೂತು ಎಣಿಸುವುದು ನನಗೆ ಹಿಡಿಸಿಬಿಟ್ಟಿತ್ತು. ಮಧ್ಯಾಹ್ನ ಅವರ ನಾದಿನಿ, ಎಂದರೆ ತಮ್ಮನ ಹೆಂಡತಿ, ಊಟಕ್ಕೆ ಕರೆಯುತ್ತಿದ್ದರು. ನಾನು ಮೀನು ಮಾಂಸ ತಿನ್ನದವಳೆಂದು ಅನ್ನ, ಬೇಳೆಯ ಸಾರು ಬೇರೆ ಮಾಡಿರುತ್ತಿದ್ದರು. ಅಕ್ಕಿ ಶ್ಯಾವಿಗೆಗೆ ತೆಂಗಿನ ಹಾಲು, ಬೆಲ್ಲ ಹಾಕಿ ಕೊಟ್ಟ ದಿನ, ಕಾಗಾಲದ ನನ್ನ ತವರಿನಲ್ಲೂ ಹೀಗೇ ಮಾಡುತ್ತಾರೆ ಎಂದೆ. ಅವರಿಗೆ ಅದು ಖುಷಿಯಾಗಿ ಇನ್ನೊಂದು ಸೌಟು ಬಡಿಸಿದರು.

ಮರಿಗಳ ಒಂದು ಡಬ್ಬಿ ಬಿಟ್ಟು ಉಳಿದವುಗಳ ಎಣಿಕೆ ಮುಗಿದಾಗ ತಿಳಿದದ್ದು, ನಡುವಿನವು ನಾವು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚಿದ್ದವು ಎಂಬುದು. ಫಾಲಿಕಲ್ ಒಂದೇ ನೆಗೆತಕ್ಕೆ ಏಳುವುದಾದರೆ ನಡುವೆ ಅಷ್ಟು ಸಿಗಬಾರದು. ಯಾವ ಕ್ಷಣದಲ್ಲಿ ನೋಡಿದರೂ ಅಷ್ಟೊಂದು ಸಿಗುತ್ತವೆ ಎಂದರೆ ಅವು ಆ ಸ್ಥಿತಿಯಲ್ಲಿ ಬಹಳ ಕಾಲ ನಿಲ್ಲುತ್ತವೆ ಎಂದೇ ಅರ್ಥ. ನಾನು ಮಾದರಿಯನ್ನು ಹೊಸದಾಗಿ ಬರೆದೆ. ಮೊದಲು ಚಪ್ಪಟೆ ಕೋಶಗಳು ಒಂದೊಂದಾಗಿ ನಿಧಾನವಾಗಿ ಚೌಕವಾಗುತ್ತವೆ. ಚೌಕವಾದವು ಹೆಚ್ಚಿದಂತೆ ಉಳಿದವೂ ಬೇಗ ಬದಲಾಗುತ್ತವೆ. ಎಲ್ಲವೂ ಬದಲಾಗುವ ಹೊತ್ತಿಗೆ ಕೋಶಗಳು ಒಂದು ಎರಡಾಗಲು ತೊಡಗುತ್ತವೆ, ಆಗ ಬೆಳವಣಿಗೆ ಓಡುತ್ತದೆ. ಇಷ್ಟು ಬರೆಯಲು ಒಂದು ಬೇಸಿಗೆ ರಜೆಯೇ ಹೋಯಿತು.

ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅದನ್ನು ಓಡಿಸಿದ ಮಧ್ಯಾಹ್ನ ನಾನೊಬ್ಬಳೇ ಇದ್ದೆ. ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಪರದೆಯ ಮೇಲೆ ಗೆರೆ ಮೂಡಿತು. ಮೊದಲಿನಂತೆ ಕುಸಿದು ಬೀಳುತ್ತದೆ ಎಂದು ಕಾದೆ. ಬೀಳಲಿಲ್ಲ. ಮೆಲ್ಲನೆ ಇಳಿಜಾರಾಗಿ, ಆಡಿನ ಆಯುಷ್ಯದುದ್ದಕ್ಕೂ ಸಾಗಿತು. ನಡುವಿನವುಗಳ ಪಾಲು ನಾವು ಎಣಿಸಿದ್ದಕ್ಕೆ ಹತ್ತಿರವೇ ಬಂತು. ಕೂಡಲೆ ಭಟ್ಕಳಕ್ಕೆ ಫೋನು ಮಾಡಿದೆ. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು.

"ಖುಷಿ ಆಮೇಲೆ ಪಡೋಣ," ಅಂದರು. "ನಾವು ತೆರೆಯದೆ ಇಟ್ಟ ಡಬ್ಬಿ ಒಂದಿದೆಯಲ್ಲ, ಮರಿಗಳದ್ದು. ಅದನ್ನು ನೋಡೋ ಮೊದಲೇ ನಿಮ್ಮ ಮಾದರಿ ಏನು ಹೇಳುತ್ತೆ ಅಂತ ಬರೆದುಕೊಂಡು ಬನ್ನಿ."

ಬರೆದುಕೊಂಡು ಹೋದೆ. ಆ ಭಾನುವಾರ ರೈಲಿನಲ್ಲಿ ನನಗೆ ಪರೀಕ್ಷೆಗೆ ಹೋಗುವ ಹುಡುಗಿಯಷ್ಟೇ ಹೆದರಿಕೆ. ಎಣಿಸಿ ಮುಗಿಸಿದಾಗ ಮಲಗಿದವು ಮತ್ತು ನಡುವಿನವು ಲೆಕ್ಕಕ್ಕೆ ಚೆನ್ನಾಗಿ ಹೊಂದಿದವು. ಬೆಳೆದು ದೊಡ್ಡವಾದವು ಹೊಂದಲಿಲ್ಲ. ನನ್ನ ಲೆಕ್ಕ ಅವನ್ನು ಹೆಚ್ಚು ತೋರಿಸುತ್ತಿತ್ತು. ಬೆಳೆಯುವಾಗ ಸಾಯುವವನ್ನು ನೀವು ಸರಿಯಾಗಿ ಸೇರಿಸಿಲ್ಲ, ಅದು ಮುಂದಿನ ಕೆಲಸ, ಆರಂಭದ ಭಾಗ ನಿಂತಿತು ಎಂದು ಡಾಕ್ಟರಮ್ಮ ಹೇಳಿದರು. ನನಗೆ ಅಷ್ಟೇ ಬೇಕಾಗಿತ್ತು.

ಈ ಎಲ್ಲ ನಡೆಯುವಾಗ ನಮ್ಮ ಮನೆಯಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು. ನನ್ನ ಗಂಡನ ತಂಗಿ ನಮ್ಮ ಜೊತೆಯೇ ಇದ್ದಳು. ಭಟ್ಕಳದ ಒಂದು ಬ್ಯಾಂಕಿನಲ್ಲಿ ಕೆಲಸ, ದಿನಾ ರೈಲಿನಲ್ಲಿ ಹೋಗಿಬರುವವಳು. ಮೂವತ್ನಾಲ್ಕು ದಾಟಿದರೂ ಮದುವೆಯಾಗಿರಲಿಲ್ಲ. ಅವಳಿಗೆ ಅದರ ಬಗ್ಗೆ ಚಿಂತೆಯೂ ಇದ್ದಂತಿರಲಿಲ್ಲ. ಮುಟ್ಟು ಏರುಪೇರಾಗುತ್ತಿದೆ ಎಂದು ಯಾವುದೋ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡಳು. ಅಂಡಾಣುಗಳ ದಾಸ್ತಾನು ಎಷ್ಟಿದೆ ಎಂದು ಅಂದಾಜು ಹೇಳುವ ಪರೀಕ್ಷೆಯೂ ಅದರಲ್ಲಿತ್ತು. ವಯಸ್ಸಿಗೆ ಕಡಿಮೆ ಎಂದು ಬಂತು. ಅವಳು ಫೋನಿನಲ್ಲಿ ಹುಡುಕಿ ಓದಿ ಹೆದರಿದಳು. ಅಳುವುದನ್ನು ಅತ್ತೆ ನೋಡಿದರು, ಅವರೂ ಹೆದರಿದರು. ಹೆದರಿಕೆ ಮನೆಯವರಿಗೆಲ್ಲ ಹಬ್ಬಿ, ತಿಂಗಳೊಳಗೆ ಒಂದು ಗಂಡು ಗೊತ್ತಾಯಿತು.

ಹುಡುಗ ಕೆಟ್ಟವನಲ್ಲ. ತೋಟ ಇತ್ತು, ಸ್ವಂತ ಅಂಗಡಿ ಇತ್ತು. ನೋಡಲು ಬಂದ ದಿನ ಮರ್ಯಾದೆಯಿಂದಲೇ ಮಾತಾಡಿದ. ಆದರೆ ಮದುವೆಯಾದ ಮೇಲೆ ಬ್ಯಾಂಕಿನ ಕೆಲಸ ಬಿಡಬೇಕಾಗುತ್ತದೆ ಎಂದ. ನನ್ನ ನಾದಿನಿ ಆಗಲೂ ಏನೂ ಹೇಳಲಿಲ್ಲ, ಅವರು ಹೋದ ಮೇಲೂ ಹೇಳಲಿಲ್ಲ. ಅವಳು ಕೆಲಸ ಇಷ್ಟಪಟ್ಟು ಮಾಡುವವಳು ಎಂದು ನನಗೆ ಗೊತ್ತಿತ್ತು. ಅತ್ತೆಯವರು ಅವಳ ಮೌನವನ್ನು ಒಪ್ಪಿಗೆ ಎಂದೇ ತಿಳಿದುಕೊಂಡರು.

ಅದಾದ ಭಾನುವಾರ ಅವಳು ತಾನೂ ಭಟ್ಕಳಕ್ಕೆ ಬರುತ್ತೇನೆ ಎಂದು ನನ್ನ ಜೊತೆ ಹೊರಟಳು. ರಜೆಯ ದಿನವೂ ಅದೇ ರೈಲು ಯಾಕೆ ಎಂದು ಕೇಳಿದ್ದಕ್ಕೆ ನಕ್ಕಳು. ಹೊನ್ನಾವರ ದಾಟಿ ರೈಲು ಶರಾವತಿಯ ಸೇತುವೆಗೆ ಬಂದಾಗ ಬೋಗಿಯಲ್ಲಿ ಸದ್ದು ಹೆಚ್ಚಾಯಿತು. ಅದಕ್ಕೇ ಕಾದಿದ್ದವಳಂತೆ ನನ್ನ ಕಡೆ ಬಾಗಿ ಕೇಳಿದಳು.

"ಅತ್ತಿಗೆ, ನಿನ್ನ ಲೆಕ್ಕದಲ್ಲಿ ನಂಗೆ ಇನ್ನೆಷ್ಟು ವರ್ಷ ಇದ್ದು? ಹೇಳು."

ನಾನು ಅವಳ ಮುಖ ನೋಡಿದೆ. ತಮಾಷೆಗೆ ಕೇಳಿದ್ದಲ್ಲ.

"ಅದು ಗೊತ್ತಾಗ್ತಿಲ್ಲೆ ಕೂಸೆ," ಅಂದೆ.

"ಮತ್ತೆ ಇಷ್ಟು ವರ್ಷ ಮಾಡಿದ್ದು ಎಂತ?"

"ನೂರು ಆಡು ಸೇರಿಸಿದ್ರೆ ಒಟ್ಟು ಹೆಂಗೆ ನಡೀತು ಅಂತ ಅದು ಹೇಳ್ತು," ಅಂದೆ. "ಒಂದು ಆಡಿನ ಬಗ್ಗೆ ಕೇಳಿದ್ರೆ ಅದಕ್ಕೆ ಬಾಯಿ ಇಲ್ಲೆ. ನಿನ್ನ ಬಗ್ಗೆ ಅಂತೂ ಇಲ್ಲವೇ ಇಲ್ಲೆ. ಆ ಲ್ಯಾಬಿನವು ಕೊಟ್ಟ ಅಂಕಿಯೂ ಹಂಗೇ ಇರ್ಬೇಕು. ಆದ್ರೆ ಅದು ಡಾಕ್ಟರು ಹೇಳ್ಬೇಕಾದ ಮಾತು, ನಾನಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. ನಾನು ಹೇಳಿದ್ದು ಅವಳಿಗೆ ಸಮಾಧಾನ ತಂದಿತೋ ಇಲ್ಲವೋ ತಿಳಿಯಲಿಲ್ಲ. ಗಣಿತ ಓದಿ ಓದಿ, ಬೇಕಾದವರು ಕೇಳಿದಾಗ ಗೊತ್ತಿಲ್ಲ ಎನ್ನಬೇಕಾಯಿತಲ್ಲ ಎಂದು ನನಗೆ ಸಂಕಟವಾಯಿತು. ಆದರೂ ಸುಳ್ಳು ಹೇಳಲಿಲ್ಲವಲ್ಲ ಎಂದು ಒಳಗೊಳಗೇ ನೆಮ್ಮದಿಯೂ ಇತ್ತು.

ಡಾಕ್ಟರಮ್ಮ ಅವಳನ್ನು ಮಾಳಿಗೆಗೆ ಕರೆದು, ಏನೂ ಕೇಳದೆ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ನನಗೆ ತೋರಿಸಿದಂತೆಯೇ ಅವಳಿಗೂ ತೋರಿಸಿದರು. ಅವಳಿಗೆ ನನಗಿಂತ ಬೇಗ ಕಂಡಿತು. ಬಹಳ ಹೊತ್ತು ನೋಡಿದಳು. ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು. ಆಮೇಲೆ ತಾನೇ ಎಲ್ಲ ಹೇಳಿದಳು. ರಕ್ತ ಪರೀಕ್ಷೆ, ಹುಡುಗ, ಕೆಲಸ ಬಿಡುವ ಮಾತು. ಎರಡು ವರ್ಷ ಆ ಮನೆಗೆ ಹೋಗಿಬಂದ ನಾನೂ ಅಷ್ಟು ಬಿಚ್ಚಿ ಮಾತಾಡಿರಲಿಲ್ಲ.

"ನೋಡಮ್ಮ, ನಾನು ದನ ಕರು ನೋಡಿದವಳು," ಅಂದರು ಡಾಕ್ಟರಮ್ಮ. "ನಿನ್ನ ರಿಪೋರ್ಟು ಓದೋದು ನನ್ನ ಕೆಲಸ ಅಲ್ಲ. ಆದರೆ ಯಾವ ಡಾಕ್ಟರೂ ನೋಡದ ಒಂದು ಅಂಕಿಗೆ ಹೆದರಿ ಮದುವೆ ಗೊತ್ತು ಮಾಡಿದ್ದು ನನಗೆ ಸರಿ ಕಾಣೋದಿಲ್ಲ. ಮೊದಲು ಹೋಗಿ ತೋರಿಸು."

ಹೊನ್ನಾವರದ ಒಬ್ಬ ಸ್ತ್ರೀರೋಗ ತಜ್ಞೆಯ ಬಳಿ ನಾವಿಬ್ಬರೂ ಹೋದೆವು. ಆಕೆ ಸಾವಧಾನವಾಗಿ ವಿವರಿಸಿದರು. ಈ ಪರೀಕ್ಷೆ ಮುಖ್ಯವಾಗಿ ಬೇಕಾಗುವುದು ಮಕ್ಕಳಾಗಲು ಚಿಕಿತ್ಸೆ ಕೊಡುವಾಗ, ಔಷಧಿಗೆ ಎಷ್ಟು ಅಂಡಾಣು ಸಿಗಬಹುದು ಎಂದು ಅಂದಾಜು ಮಾಡಲು. ತಾನಾಗಿ ಮಗುವಾಗುತ್ತದೆಯೇ ಇಲ್ಲವೇ ಎಂದು ಇದು ಹೇಳುವುದಿಲ್ಲ. ವಯಸ್ಸು ಮುಖ್ಯ, ತೀರಾ ತಡ ಮಾಡಬಾರದು, ಅದು ನಿಜ. ಆದರೆ ಈ ತಿಂಗಳೇ ಮದುವೆಯಾಗಬೇಕೆಂದು ಇದರಲ್ಲಿ ಎಲ್ಲಿಯೂ ಬರೆದಿಲ್ಲ ಎಂದು ನಕ್ಕರು. ಮುಟ್ಟು ಏರುಪೇರಾಗಲು ಕಾರಣ ಥೈರಾಯ್ಡ್ ಎಂದು ಅದೇ ರಿಪೋರ್ಟಿನಿಂದ ಪತ್ತೆಯಾಯಿತು. ಅದಕ್ಕೆ ಮಾತ್ರೆ ಬರೆದುಕೊಟ್ಟರು.

ಹೊರಗೆ ಬಂದು ನಾದಿನಿ ರಸ್ತೆ ಬದಿಯ ಅಂಗಡಿಯಲ್ಲಿ ಎಳನೀರು ಕುಡಿದಳು. ಕುಡಿದು ಮುಗಿಸಿ, ಅಲ್ಲೇ ನಿಂತು ಅಣ್ಣನಿಗೆ ಫೋನು ಮಾಡಿದಳು. ಆ ಸಂಬಂಧ ತನಗೆ ಬೇಡ, ಅವರಿಗೆ ಇವತ್ತೇ ತಿಳಿಸಿಬಿಡು ಎಂದಳು. ನನ್ನ ಗಂಡ ಎರಡು ಮಾತು ಕೇಳಿ, ಆತು ಎಂದರು. ಅವರು ಅಷ್ಟು ಸುಲಭವಾಗಿ ಒಪ್ಪಿದ್ದು ನನಗೇ ಆಶ್ಚರ್ಯ. ಅವರಿಗೂ ಮೊದಲಿನಿಂದ ಮನಸ್ಸಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಅತ್ತೆಯವರು ಮಾತ್ರ ಕೆಲವು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳು ಸ್ವಲ್ಪ ಜೋರಾಗಿಯೇ ಸದ್ದು ಮಾಡಿದವು. ಭಾನುವಾರ ಭಟ್ಕಳಕ್ಕೆ ಹೋಗಿ ಹೋಗಿ ಇವಳ ತಲೆ ಕೆಟ್ಟಿದೆ, ಮಗಳ ತಲೆಯನ್ನೂ ಕೆಡಿಸಿದಳು ಎಂದು ಪಕ್ಕದ ಮನೆಯವರ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿತ್ತು. ನಾನು ಕೇಳಿಸದವಳಂತೆ ಇದ್ದೆ. ಚೌತಿಗೆ ಚಕ್ಕುಲಿ ಸುತ್ತಲು ಇನ್ನೊಂದು ಕೈ ಬೇಕಾದಾಗ ಅವರೇ ನನ್ನನ್ನು ಕರೆದರು, ಅಲ್ಲಿಗೆ ಅದು ಮುಗಿಯಿತು.

ನನ್ನ ಪಿಎಚ್‌ಡಿಯ ಕೊನೆಯ ಮೌಖಿಕ ಪರೀಕ್ಷೆ ಮಾರನೆಯ ವರ್ಷ ನಡೆಯಿತು. ಡಾಕ್ಟರಮ್ಮ ಅದಕ್ಕೆಂದೇ ಭಟ್ಕಳದಿಂದ ಅಷ್ಟು ದೂರ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಸಮೀಕರಣದ ಬಗ್ಗೆಯಲ್ಲ, ಎಣಿಕೆಯ ಬಗ್ಗೆ. ಯಾವುದನ್ನು ಚಪ್ಪಟೆ ಎಂದಿರಿ, ಯಾಕೆ, ಇಬ್ಬರ ಎಣಿಕೆ ಹೊಂದದಿದ್ದಾಗ ಏನು ಮಾಡಿದಿರಿ. ಅವನ್ನೆಲ್ಲ ನಾನು ಮಾಳಿಗೆಯ ಆ ಕೋಣೆಯಲ್ಲಿ ಮೊದಲೇ ಎದುರಿಸಿದ್ದೆ. ದೊಡ್ಡ ಫಾಲಿಕಲ್‌ಗಳು ಯಾಕೆ ಹೊಂದುತ್ತಿಲ್ಲ ಎಂದು ಕೇಳಿದಾಗ ನನಗಿನ್ನೂ ತಿಳಿದಿಲ್ಲ ಎಂದೆ. ಅವರು ತಲೆಯಾಡಿಸಿ ಪುಟ ತಿರುಗಿಸಿದರು. ಹೊರಗೆ ಬಂದಾಗ ಡಾಕ್ಟರಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. ಕ್ಯಾಂಟೀನಿನಲ್ಲಿ ಇಬ್ಬರೂ ಮೊಸರನ್ನ ತಿಂದೆವು.

ನಾದಿನಿಗೆ ಮುಂದೆ ಮದುವೆಯಾಯಿತು. ಹುಡುಗ ಭಟ್ಕಳದ ಪಕ್ಕದ ಮುಟ್ಟಳ್ಳಿಯವನು, ದಿನಾ ರೈಲಿನಲ್ಲಿ ಕುಮಟಾಕ್ಕೆ ಕೆಲಸಕ್ಕೆ ಬರುವವನು. ಬೆಳಿಗ್ಗೆ ಅವನು ಈ ಕಡೆ, ಇವಳು ಆ ಕಡೆ, ಪ್ಲಾಟ್‌ಫಾರ್ಮಿನಲ್ಲಿ ಎದುರು ಸಿಗುವ ಹೊತ್ತಿನಲ್ಲೇ ಪರಿಚಯ ಬೆಳೆದಿತ್ತು. ಮನೆಯಲ್ಲಿ ಹೇಳುವ ಮೊದಲು ನನಗೆ ಹೇಳಿದಳು. ಆ ರಕ್ತ ಪರೀಕ್ಷೆಯ ವಿಷಯವನ್ನೂ ಅವನಿಗೆ ಮೊದಲೇ ತಿಳಿಸಿದ್ದಳಂತೆ. ಅವನು, ಮಕ್ಕಳಾದರೆ ಆಗಲಿ, ಆಗದಿದ್ದರೆ ಇಬ್ಬರೇ ಇರೋಣ, ಮೊದಲು ನೀನು ಬಾ ಎಂದಿದ್ದನಂತೆ. ಅತ್ತೆಯವರು ಜಾತಕ ನೋಡಬೇಕು ಎಂದರು. ನೋಡಿದ್ದೂ ಆಯಿತು. ಭಟ್ಕಳದಲ್ಲೇ ಮನೆ ಮಾಡಿದರು. ಅವಳು ಕೆಲಸ ಬಿಡಲಿಲ್ಲ.

ಕಳೆದ ವರ್ಷ ಅವಳಿಗೆ ಮಗಳು ಹುಟ್ಟಿದಳು. ಯಾವ ಚಿಕಿತ್ಸೆಯೂ ಬೇಕಾಗಿರಲಿಲ್ಲ. ಅತ್ತೆಯವರು ಈಗ ಬಂದವರಿಗೆಲ್ಲ ಹೇಳುವ ಕತೆಯೇ ಬೇರೆ. ಸೊಸೆ ಲೆಕ್ಕ ಹಾಕಿ, ಹೆದರಬೇಡ ಎಂದು ಮೊದಲೇ ಹೇಳಿದ್ದಳು, ಹಾಗೇ ಆಯಿತು ಎನ್ನುತ್ತಾರೆ. ನಾನು ಅಂಥದ್ದೇನೂ ಹೇಳಿರಲಿಲ್ಲ, ನನಗೆ ಗೊತ್ತಿಲ್ಲ ಎಂದಿದ್ದೆ ಅಷ್ಟೇ ಎಂದು ಎಷ್ಟು ಸಲ ತಿದ್ದಿದರೂ ಅವರು ಕೇಳುವುದಿಲ್ಲ. ಅದೊಂದು ವಿನಯ ಎಂದುಕೊಳ್ಳುತ್ತಾರೆ. ನಾದಿನಿಯೂ ಅಮ್ಮನ ಮಾತಿಗೆ ಅಡ್ಡ ಬರುವುದಿಲ್ಲ, ನನ್ನ ಕಡೆ ನೋಡಿ ನಗುತ್ತಾಳೆ.

ಕೂಸಿನ ಹೆಸರಿಡುವ ಶಾಸ್ತ್ರ ಕುಮಟಾದ ನಮ್ಮ ಮನೆಯಲ್ಲಿ ನಡೆಯಿತು. ಡಾಕ್ಟರಮ್ಮ ಮತ್ತು ಅವರ ನಾದಿನಿ ಬಂದಿದ್ದರು. ಅಷ್ಟು ವರ್ಷ ಅವರ ಸುದ್ದಿ ಕೇಳಿದ್ದರೂ ಅತ್ತೆಯವರು ಅವರನ್ನು ಕಂಡದ್ದು ಅವತ್ತೇ. ಊಟವಾದ ಮೇಲೆ ಜಗಲಿಯ ಕುರ್ಚಿ ಸರಿಸಿ ಅವರ ಪಕ್ಕ ಕೂತರು. ಏನು ಕೇಳುತ್ತಾರೋ ಎಂದು ನನಗೆ ಸ್ವಲ್ಪ ದಿಗಿಲು.

"ನೀವು ದನದ ಡಾಕ್ಟ್ರು ಹೌದಾ?" ಎಂದು ಕೇಳಿದರು.

ಹೌದು ಎಂದರು ಡಾಕ್ಟರಮ್ಮ.

ಕತಗಾಲದ ದೊಡ್ಡ ಮಗನ ಮನೆಯಲ್ಲಿ ಒಂದು ಆಕಳಿದೆ, ಎರಡನೇ ಕರು ಹಾಕಿದ ಮೇಲೆ ಬೆದೆಗೇ ಬಂದಿಲ್ಲ, ಅದಕ್ಕೆ ಎಂತ ಮಾಡುವುದು ಎಂದು ಅತ್ತೆಯವರು ಶುರು ಮಾಡಿದರು. ಡಾಕ್ಟರಮ್ಮನ ಮುಖ ಅರಳಿತು. ನಿವೃತ್ತರಾದ ಮೇಲೆ ಅವರನ್ನು ಯಾರೂ ಆಕಳ ಬಗ್ಗೆ ಕೇಳಿರಲಿಲ್ಲವೇನೋ. ಕುರ್ಚಿಯಲ್ಲಿ ಮುಂದಕ್ಕೆ ಸರಿದು, ಮೇವಿಗೆ ಏನು ಹಾಕುತ್ತೀರಿ, ಹಿಂಡಿ ಕೊಡುತ್ತೀರಾ, ಕರು ಇನ್ನೂ ಹಾಲು ಕುಡಿಯುತ್ತದೆಯೇ ಎಂದು ಒಂದೊಂದಾಗಿ ಕೇಳತೊಡಗಿದರು. ಅತ್ತೆಯವರು ಬೆರಳು ಮಡಿಸುತ್ತ ಉತ್ತರ ಹೇಳಿದರು. ಮಿನರಲ್ ಮಿಕ್ಸ್ಚರ್ ಕೊಡಿ, ಊರಿನ ಡಾಕ್ಟರಿಂದ ಒಮ್ಮೆ ಪರೀಕ್ಷೆ ಮಾಡಿಸಿ, ತಡವಾಗುತ್ತೆ ಆದರೆ ಬರುತ್ತೆ ಎಂದು ಡಾಕ್ಟರಮ್ಮ ಧೈರ್ಯ ತುಂಬಿದರು. ಅತ್ತೆಯವರು ಒಳಗೆ ತಿರುಗಿ ಕತಗಾಲಕ್ಕೆ ಫೋನು ಹಚ್ಚಿಕೊಡು ಎಂದು ನನ್ನ ಗಂಡನನ್ನು ಕೂಗಿದರು. ಫೋನು ಸಿಕ್ಕಿದ ಮೇಲೆ ಅದನ್ನು ಡಾಕ್ಟರಮ್ಮನ ಕೈಗೇ ಕೊಟ್ಟುಬಿಟ್ಟರು. ನಾನು ಕಾಫಿಯ ಲೋಟಗಳನ್ನು ತಂದು ಪಕ್ಕದಲ್ಲಿಟ್ಟೆ. ಇಬ್ಬರಿಗೂ ಅದರ ಕಡೆ ಗಮನವಿರಲಿಲ್ಲ. ನಾದಿನಿಯ ಮಡಿಲಲ್ಲಿ ಕೂಸು ನಿದ್ದೆ ಹೋಗಿತ್ತು. ನಾನು ಬಾಗಿಲಿಗೆ ಒರಗಿ, ಭಟ್ಕಳದಿಂದ ಬಂದ ಡಾಕ್ಟರಮ್ಮ ಕತಗಾಲದ ಆಕಳಿನ ಬಣ್ಣ ಯಾವುದೆಂದು ನನ್ನ ಭಾವನನ್ನು ಕೇಳುವುದನ್ನು ಕೇಳುತ್ತ ನಿಂತೆ.